ಶುಲ್ಕದ ಹೊಸ್ತಿಲನ್ನು ತಗ್ಗಿಸಿದ ಪ್ರಭು: ನಾಲ್ವಡಿ ಕೃಷ್ಣರಾಜ ಒಡೆಯರವರು

ಶ್ರೀಮನ್ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರವರು 1884ನೆಯ ಇಸವಿ ಜೂನ್ 4ರಂದು ಮೈಸೂರಿನಲ್ಲಿ ಜನಿಸಿದರು. 1894ರಲ್ಲಿ ಪಿತೃವಿಯೋಗವಾಗಲು ಮಾತೃಶ್ರೀ ವಾಣೀವಿಲಾಸ ಸನ್ನಿಧಾನದವರು ರೀಜೆಂಟರಾಗಿ ರಾಜ್ಯಭಾರವನ್ನು ವಹಿಸಿದರು. 1902ರ ಆಗಸ್ಟ್ 8ರಂದು ಪ್ರಭುಗಳು ಸ್ವತಃ ಅಧಿಕಾರವನ್ನು ಕೈಕೊಂಡರು.

ಆಗ ಶಾಲೆಯ ಬಾಗಿಲು ತೆರೆದಿದ್ದರೂ ಶುಲ್ಕವೆಂಬ ಹೊಸ್ತಿಲು ಎತ್ತರವಾಗಿತ್ತು. ತೆರಬೇಕಾದ ಹಣವು ಅಲ್ಪವೇ ಆದರೂ, ಮಳೆಯನ್ನೇ ನಂಬಿದ ನಾಗಮಂಗಲ, ಕೃಷ್ಣರಾಜಪೇಟೆ ಸೀಮೆಗಳ ಒಕ್ಕಲಿಗೆ ಅದು ಭಾರವೇ ಸರಿ. 1907-08ರಲ್ಲಿ ಪ್ರಾಥಮಿಕ ಶಾಲೆಗಳ ಶುಲ್ಕವು ರದ್ದಾಯಿತು. ಆದರೆ ಮಗುವಿನ ದುಡಿಮೆಯನ್ನು ನೆಚ್ಚಿದ ಮನೆಗೆ ಉಚಿತಪಾಠವೊಂದೇ ಸಾಲದು. ಆದಕಾರಣ 1913ರಲ್ಲಿ ಕಡ್ಡಾಯ ವಿದ್ಯಾಭ್ಯಾಸದ ಶಾಸನವು ಹೊರಟು, ಆಯ್ದ ಸ್ಥಳಗಳಲ್ಲಿ ಮೊದಲಾಯಿತು.

1916ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯವು ದೇಶೀಯ ಸಂಸ್ಥಾನಗಳಲ್ಲಿ ಪ್ರಥಮವಾದುದು. ಉನ್ನತ ವಿದ್ಯೆಯು ಪ್ರಾಥಮಿಕದಂತೆ ಉಚಿತವಾಗಲಿಲ್ಲ. 1918ರಲ್ಲಿ ನೇಮಕವಾದ ಮಿಲ್ಲರ್ ಸಮಿತಿಯ ವಿಚಾರಣೆಯ ತರುವಾಯ, ಹಿಂದುಳಿದ ಜನಾಂಗಗಳ ಮಕ್ಕಳಿಗೆ ವಿದ್ಯಾರ್ಥಿವೇತನಗಳ ಸಹಾಯವು ವಿಸ್ತರಿಸಿತು. ರಾಜ್ಯದಲ್ಲಿ ಭಿನ್ನಾಭಿಪ್ರಾಯಗಳೆದ್ದರೂ ಪ್ರಭುಗಳು ಹಿಂಜರಿಯಲಿಲ್ಲ.

ಶ್ರೀರಂಗಪಟ್ಟಣದ ಸಮೀಪ ಕನ್ನಂಬಾಡಿಯಲ್ಲಿ 1911ರಲ್ಲಿ ಆರಂಭವಾದ ಅಣೆಕಟ್ಟೆಯ ನೀರು ಪಾಂಡವಪುರ ಮೊದಲಾದೆಡೆಗಳ ಹೊಲಗಳಿಗೆ ಹರಿಯಿತು. ಹೊಲಕ್ಕೆ ನೀರು, ಮನೆಗೆ ವಿದ್ಯೆ. ಎರಡೂ ಬೊಕ್ಕಸದಿಂದಲೇ ಬಂದವು. 1939ರಲ್ಲಿ ಈ ನಾಲ್ಕು ತಾಲ್ಲೂಕುಗಳೂ ಸೇರಿ ಮಂಡ್ಯ ಜಿಲ್ಲೆಯು ರೂಪುಗೊಂಡಿತು. ಮರುವರ್ಷ ಆಗಸ್ಟ್ 3ರಂದು ಪ್ರಭುಗಳು ದಿವಂಗತರಾದರು.

ಬಡವನ ಮಗನ ಶುಲ್ಕವನ್ನು ರಾಜ್ಯವು ತೆರುವುದು ದಯೆಯಲ್ಲ, ಸಲ್ಲತಕ್ಕ ಋಣವೆಂಬುದನ್ನು ಅವರ ಆಳ್ವಿಕೆಯು ಪ್ರಾಥಮಿಕ ಶಾಲೆಯಲ್ಲಿ ಸಿದ್ಧಪಡಿಸಿತು. ಅದನ್ನು ಕಾಲೇಜಿನವರೆಗೂ ನಡೆಸುವ ಹೊಣೆಯು ಬಳಿಕ ಬಂದವರದು.