ಹೆಸರಿಗಾಗಿ ಬದುಕಿದ ಅರಸ: ಎರಡನೆಯ ರಾಮ್ಸೇಸ್

ಅಂಕೋಲೆಯ ಹಳೆಯ ಕೋಟೆಯನ್ನು ಕಟ್ಟಿಸಿದವರಾರೆಂದು ಊರಿನ ಹಿರಿಯರನ್ನು ಕೇಳಿದರೆ ಸರ್ಪಮಲ್ಲಿಕನೆಂಬ ಅರಸನ ಹೆಸರು ಹೇಳುತ್ತಾರೆ. ವಿಜಾಪುರದ ಆದಿಲಶಾಹಿಯ ಸರದಾರನಾಗಿದ್ದ ಶರೀಫ್-ಉಲ್-ಮುಲ್ಕನೇ ಜನರ ಬಾಯಲ್ಲಿ ಸರ್ಪಮಲ್ಲಿಕನಾದನೆಂಬ ಊಹೆಯೂ ಉಂಟು. ಆಳಿದವರ ಹೆಸರುಗಳಿಗೆ ಇಂಥ ಗತಿ ಒದಗುವುದು ಹೊಸದಲ್ಲ. ಆದರೆ ತನ್ನ ಹೆಸರು ಒಂದಕ್ಷರವೂ ಮಾಸದಂತೆ ಉಳಿಯಬೇಕೆಂದು ಜೀವಮಾನವೆಲ್ಲ ಹೆಣಗಿದ ಅರಸನಿಗೂ ಇದೇ ಗತಿಯಾದರೆ ಅದು ವಿಚಾರ ಮಾಡತಕ್ಕ ಸಂಗತಿ. ಅಂಥವನು ಈಜಿಪ್ತ ದೇಶದ ಎರಡನೆಯ ರಾಮ್ಸೇಸ್.

ಕಾರವಾರದ ತರಗತಿಯೊಂದರಲ್ಲಿ ಕಂಸನ ಪ್ರಸಂಗವನ್ನು ಪಾಠ ಹೇಳುತ್ತಿದ್ದಾಗ ಇವನ ಮಾತು ಬಂದಿತು. ಹುಟ್ಟಿದ ಕೂಸುಗಳನ್ನು ಕೊಲ್ಲಿಸುವ ದೊರೆ, ಹೊಳೆ ದಾಟಿ ಬದುಕುವ ಶಿಶು ಎನ್ನುತ್ತಲೇ ಕ್ರೈಸ್ತ ವಿದ್ಯಾರ್ಥಿಯೊಬ್ಬನು, ಇಂಥದೇ ಕಥೆ ಬೈಬಲಿನಲ್ಲಿಯೂ ಇದೆ, ಅಲ್ಲಿ ಕಂಸನ ಸ್ಥಾನದಲ್ಲಿ ಫರೋಹನಿದ್ದಾನೆ ಎಂದನು. ಮುಸಲ್ಮಾನ ವಿದ್ಯಾರ್ಥಿನಿಯೊಬ್ಬಳು ತಮ್ಮಲ್ಲಿ ಅವನನ್ನು ಫಿರ್‌ಔನನೆನ್ನುತ್ತಾರೆಂದೂ, ಸೊಕ್ಕಿದವನನ್ನು ಹಿರಿಯರು ಇಂದಿಗೂ ಆ ಹೆಸರಿನಿಂದಲೇ ಬಯ್ಯುತ್ತಾರೆಂದೂ ಹೇಳಿದಳು. ಆ ದೊರೆಯೂ ಇತಿಹಾಸದ ರಾಮ್ಸೇಸನೂ ಒಬ್ಬನೇ ಏನು ಎಂದು ಇಬ್ಬರೂ ಕೇಳಿದರು. ಅಷ್ಟರಲ್ಲಿ ಗಂಟೆಯಾಯಿತು, ಉತ್ತರ ಅರ್ಧಕ್ಕೇ ನಿಂತಿತು. ಅದನ್ನು ಇಲ್ಲಿ ಪೂರ್ತಿಗೊಳಿಸಲು ಯತ್ನಿಸಿದ್ದೇನೆ.

ರಾಮ್ಸೇಸನು ಹುಟ್ಟಿದ್ದು ಕ್ರಿ. ಪೂ. 1303ರ ಸುಮಾರಿಗೆ. ಅವನದು ಬಹುಕಾಲದ ಅರಸುಮನೆತನವಲ್ಲ. ಅಜ್ಜ ಮೊದಲನೆಯ ರಾಮ್ಸೇಸನು ಸೈನ್ಯದಲ್ಲಿ ಮೇಲೇರಿ, ಮಕ್ಕಳಿಲ್ಲದ ದೊರೆಯ ತರುವಾಯ ಸಿಂಹಾಸನ ಪಡೆದು, ಹತ್ತೊಂಬತ್ತನೆಯ ರಾಜವಂಶಕ್ಕೆ ಮೂಲಪುರುಷನಾದನು. ತಂದೆ ಸೇತಿ ಸಮರ್ಥ ಸೇನಾನಿ. ಮಗನನ್ನು ಎಳವೆಯಲ್ಲಿಯೇ ಯುವರಾಜನನ್ನಾಗಿ ಮಾಡಿ ದಂಡಯಾತ್ರೆಗಳಿಗೆ ಕರೆದೊಯ್ದನು. ಕ್ರಿ. ಪೂ. 1279ರಲ್ಲಿ ಪಟ್ಟವೇರಿದಾಗ ರಾಮ್ಸೇಸನಿಗೆ ಇಪ್ಪತ್ತೈದರ ಆಸುಪಾಸು. ಹೊಸ ಮನೆತನದವನಿಗೆ ಹೆಸರಿನ ಹಂಬಲ ಹೆಚ್ಚೆಂಬುದು ಲೋಕಾನುಭವ. ಮುಂದಿನ 66 ವರ್ಷಗಳ ಅವನ ಆಳ್ವಿಕೆಯನ್ನು ಈ ಹಂಬಲದ ಬೆಳಕಿನಲ್ಲಿ ನೋಡಬಹುದು.

ಐದನೆಯ ವರ್ಷದಲ್ಲಿ ಅವನು ಹಿಟ್ಟೈಟರ ಮೇಲೆ ದಂಡೆತ್ತಿ ಸಿರಿಯಾದ ಕಾದೇಶ ನಗರದತ್ತ ನಡೆದನು. ನಾಲ್ಕು ದೇವತೆಗಳ ಹೆಸರಿನ ನಾಲ್ಕು ದಳಗಳು ಅವನ ಜತೆಗಿದ್ದವು. ಶತ್ರುರಾಜ ಮುವತಲ್ಲಿ ಬಹುದೂರದಲ್ಲಿದ್ದಾನೆಂದು ಇಬ್ಬರು ಗೂಢಚಾರರು ಸುಳ್ಳು ಸುದ್ದಿ ತಂದರು. ಅರಸನು ಅದನ್ನು ನಂಬಿ ಒಂದೇ ದಳದೊಡನೆ ಮುಂದೆ ಹೋದನು. ಹಿಟ್ಟೈಟರ ರಥಗಳು ಕೋಟೆಯ ಮರೆಯಿಂದ ಹೊರಟು ಎರಡನೆಯ ದಳವನ್ನು ಚೆಲ್ಲಾಪಿಲ್ಲಿಯಾಗಿಸಿ ಅರಸನ ಪಾಳೆಯಕ್ಕೇ ನುಗ್ಗಿದವು. ರಾಮ್ಸೇಸನು ಧೈರ್ಯಗುಂದದೆ ಕಾದಿದನೆಂಬುದು ನಿಜವಿರಬಹುದು. ಆದರೆ ಅವನನ್ನು ಉಳಿಸಿದ್ದು ಸಕಾಲಕ್ಕೆ ಬಂದೊದಗಿದ ಬೇರೊಂದು ಪಡೆ. ಕಾದೇಶವು ಹಿಟ್ಟೈಟರ ಕೈಯಲ್ಲಿಯೇ ಉಳಿಯಿತು.

ಊರಿಗೆ ಮರಳಿದ ಅರಸನು ಇದನ್ನು ತಾನೊಬ್ಬನೇ ಗೆದ್ದ ಮಹಾವಿಜಯವೆಂದು ದೇವಾಲಯಗಳ ಗೋಡೆಗಳ ಮೇಲೆ ಕೆತ್ತಿಸಿದನು. ಕಾರ್ನಾಕ್, ಲಕ್ಸರ್, ಅಬು ಸಿಂಬೆಲ್ ಎಲ್ಲೆಲ್ಲಿಯೂ ರಥದಲ್ಲಿ ಬಿಲ್ಲೆಳೆದು ನಿಂತ ರಾಮ್ಸೇಸನೇ. ಮೂರು ಸಾವಿರ ವರ್ಷಗಳ ಮೇಲೆ, 1906ರಿಂದ, ತುರ್ಕಸ್ಥಾನದ ಬೊಗಾಜ್‌ಕೊಯಿಯಲ್ಲಿ ಹಿಟ್ಟೈಟರ ರಾಜಧಾನಿಯ ಉತ್ಖನನ ನಡೆದು ಅವರ ಮಣ್ಣಿನ ಫಲಕಗಳು ದೊರೆತಾಗ ಎದುರುಪಕ್ಷದ ಸಾಕ್ಷಿಯೂ ಲೋಕಕ್ಕೆ ಕೇಳಿಸಿತು. ಅವುಗಳ ಪ್ರಕಾರ ಹಿಂದೆ ಸರಿದವನು ಈಜಿಪ್ತದ ಅರಸನು.

ಅವನ ನಿಜವಾದ ಹಿರಿಮೆ ತೋರಿದ್ದು ಆಮೇಲೆ. ಕ್ರಿ. ಪೂ. 1259ರ ಸುಮಾರಿಗೆ ಅವನು ಹಿಟ್ಟೈಟರ ದೊರೆ ಹಟ್ಟೂಸಿಲಿಯೊಡನೆ ಸಂಧಿ ಮಾಡಿಕೊಂಡನು. ಇಬ್ಬರಲ್ಲಿ ಯಾರ ಮೇಲೆ ಶತ್ರು ಬಿದ್ದರೂ ಇನ್ನೊಬ್ಬರು ನೆರವಾಗಬೇಕು. ಓಡಿಹೋದವರನ್ನು ಹಿಂದಿರುಗಿಸಿದಾಗ ಅವರ ಕಣ್ಣಿಗೆ, ಬಾಯಿಗೆ, ಕಾಲಿಗೆ ಹಾನಿ ಮಾಡಬಾರದು ಎಂಬ ನಿಬಂಧನೆಗಳು ಅದರಲ್ಲಿವೆ. ಎರಡೂ ಕಡೆಯ ಪ್ರತಿಗಳು ಉಳಿದುಬಂದ ಅತ್ಯಂತ ಹಳೆಯ ಸಂಧಿಪತ್ರವಿದು. ಇದರ ಪ್ರತಿಕೃತಿಯನ್ನು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಟ್ಟಡದಲ್ಲಿ ತೂಗುಹಾಕಲಾಗಿದೆ. ಕೆಲವು ವರ್ಷಗಳ ಮೇಲೆ ಹಿಟ್ಟೈಟ್ ರಾಜಕುಮಾರಿಯೊಬ್ಬಳು ಅವನ ರಾಣಿಯಾಗಿ ಬಂದಳು. ಗೆಲ್ಲದ ಯುದ್ಧವನ್ನು ಅವನು ಗೋಡೆಗೋಡೆಗೂ ಕೆತ್ತಿಸಿದನು. ಅವನಿಗೆ ಕೀರ್ತಿ ತಂದುದು ಈ ಸಂಧಿ.

ಕಟ್ಟಡ ಕಟ್ಟಿಸುವುದರಲ್ಲಿ ಅವನಿಗೆ ಸಮಾನರಿಲ್ಲ. ಅಬು ಸಿಂಬೆಲ್‌ನಲ್ಲಿ ಬೆಟ್ಟವನ್ನೇ ಕೊರೆದು ತನ್ನ ನಾಲ್ಕು ಆಸೀನ ಪ್ರತಿಮೆಗಳನ್ನು ನಿಲ್ಲಿಸಿದನು. ಒಂದೊಂದರ ಎತ್ತರ ಸುಮಾರು 20 ಮೀಟರು. ಪಕ್ಕದಲ್ಲಿ ಪ್ರಿಯರಾಣಿ ನೆಫರ್ತಾರಿಗೆ ಕಟ್ಟಿಸಿದ ಗುಡಿಯ ಮುಂದೆ ಅವಳ ಪ್ರತಿಮೆಗಳು ಅವನ ಪ್ರತಿಮೆಗಳಷ್ಟೇ ಎತ್ತರವಾಗಿವೆ. ಆ ದೇಶದಲ್ಲಿ ಇದು ಅಪರೂಪದ ಗೌರವ. ಸಾಲದೆಂಬಂತೆ, ಹಿಂದಿನ ಅರಸರ ಪ್ರತಿಮೆಗಳಲ್ಲಿ ಅವರ ಹೆಸರನ್ನು ಅಳಿಸಿ ತನ್ನದನ್ನು ಕೆತ್ತಿಸಿದನು. ತಾನು ಮಾಡಿದಂತೆ ಬೇರೊಬ್ಬರು ಮಾಡಬಾರದೆಂದೋ ಏನೋ, ತನ್ನ ಹೆಸರಿನ ಅಕ್ಷರಗಳನ್ನು ಬಲು ಆಳವಾಗಿ ಕೊರೆಸಿದನು. ನೈಲ್ ನದಿಯ ಮುಖಜಭೂಮಿಯಲ್ಲಿ ಕಟ್ಟಿಸಿದ ಹೊಸ ರಾಜಧಾನಿಗೂ ತನ್ನ ಹೆಸರನ್ನೇ ಇಟ್ಟನು. ಓದುಗರು ಈ ನಗರದ ಹೆಸರನ್ನು ನೆನಪಿಟ್ಟಿರಬೇಕು. ಕಥೆಯ ತಿರುವು ಅಲ್ಲಿದೆ.

ಅವನ ಮಕ್ಕಳು ನೂರರ ಹತ್ತಿರ. ಅವರಲ್ಲಿ ಖಾಯೆಮ್‌ವಾಸೆತ್ ಎಂಬವನು ಪುರೋಹಿತನೂ ಪಂಡಿತನೂ ಆಗಿದ್ದು, ಪಾಳುಬಿದ್ದ ಹಳೆಯ ಪಿರಮಿಡ್ಡುಗಳನ್ನು ದುರಸ್ತಿ ಮಾಡಿಸಿ, ಅವನ್ನು ಕಟ್ಟಿಸಿದ ಮೂಲದ ಅರಸರ ಹೆಸರುಗಳನ್ನು ಮತ್ತೆ ಬರೆಯಿಸಿದನು. ತಂದೆ ಅಳಿಸಿದ ಕಡೆ ಮಗನು ಬರೆದನು. ಹನ್ನೆರಡು ಮಂದಿ ಹಿರಿಯ ಮಕ್ಕಳು ತಂದೆಯ ಕಣ್ಣೆದುರಿಗೇ ತೀರಿಕೊಂಡರು. ಕ್ರಿ. ಪೂ. 1213ರಲ್ಲಿ ತೊಂಬತ್ತರ ಸಮೀಪದ ಮುದುಕನಾಗಿ ಅವನು ಸತ್ತಾಗ ಪಟ್ಟವೇರಿದವನು ಹದಿಮೂರನೆಯ ಮಗ ಮೆರ್ನೆಪ್ತಾ.

ಇನ್ನು ಧರ್ಮಗ್ರಂಥಗಳ ಮಾತು. ಬೈಬಲಿನ ವಿಮೋಚನಕಾಂಡವು ಇಸ್ರಾಯೇಲ್ಯರನ್ನು ದಾಸರನ್ನಾಗಿಸಿ ದುಡಿಸಿಕೊಂಡ ದೊರೆಯನ್ನು ಫರೋಹನೆಂದಷ್ಟೇ ಕರೆಯುತ್ತದೆ. ಫರೋಹನೆಂಬುದು ಪದವಿಯೇ ಹೊರತು ಹೆಸರಲ್ಲ. ಕುರಾನಿನ ಫಿರ್‌ಔನನೂ ಹಾಗೆಯೇ. ತಾನೇ ಪರಮ ಪ್ರಭುವೆಂದು ಮೆರೆದು ಕಡಲಿನಲ್ಲಿ ಮುಳುಗಿದವನು, ಮುಂದಿನವರಿಗೆ ಕುರುಹಾಗಿ ಉಳಿಯಲೆಂದು ದೇಹವನ್ನು ಮಾತ್ರ ಉಳಿಸಲ್ಪಟ್ಟವನು. ಮೂಸಾ ಪ್ರವಾದಿಯನ್ನು ಶಿಶುವಾಗಿದ್ದಾಗ ಕಾಪಾಡಿದ ಅವನ ಪತ್ನಿಯನ್ನು ಅದೇ ಗ್ರಂಥ ಶ್ರದ್ಧಾವಂತರಿಗೆ ಮಾದರಿಯೆಂದು ಎತ್ತಿಹಿಡಿಯುತ್ತದೆ. ಗಂಡನ ಸೊಕ್ಕು ಕುರುಹಾಯಿತು, ಹೆಂಡತಿಯ ಕರುಣೆ ಆದರ್ಶವಾಯಿತು.

ಹಾಗಾದರೆ ರಾಮ್ಸೇಸನೇ ಆ ದೊರೆಯೆಂದು ಹೇಳಿದವರಾರು? ಅದಕ್ಕೆ ಮುಖ್ಯ ಆಧಾರ ಒಂದೇ. ಇಸ್ರಾಯೇಲ್ಯರು ದುಡಿದು ಕಟ್ಟಿದ ಪಟ್ಟಣಗಳಲ್ಲಿ ಒಂದರ ಹೆಸರು ರಾಮ್ಸೇಸ್ ಎಂದು ವಿಮೋಚನಕಾಂಡ ಹೇಳುತ್ತದೆ. ಈಜಿಪ್ತದ ಯಾವ ಶಾಸನವೂ ಆ ನಿರ್ಗಮನವನ್ನು ಹೇಳುವುದಿಲ್ಲ. ಇಸ್ರಾಯೇಲಿನ ಹೆಸರು ಮೊದಲು ಬರುವುದು 1896ರಲ್ಲಿ ದೊರೆತ ಮೆರ್ನೆಪ್ತಾನ ಶಿಲಾಶಾಸನದಲ್ಲಿ. ಅಲ್ಲಿಯೂ ಕಾನಾನಿನಲ್ಲಿ ನೆಲಸಿದ ಒಂದು ಜನಾಂಗವಾಗಿ ಮಾತ್ರ. ಎಂದಮೇಲೆ ರಾಮ್ಸೇಸನನ್ನು ಆ ಅಪರಾಧದ ಕಟಕಟೆಯಲ್ಲಿ ನಿಲ್ಲಿಸಿದ್ದು ಅವನ ಹೆಸರೇ. ಚಿರಕೀರ್ತಿಗಾಗಿ ಊರಿಗೆ ಇಟ್ಟ ಹೆಸರು ಆ ಊರನ್ನು ಕಟ್ಟಿದವರ ಬೆವರಿನೊಡನೆ ಅವನನ್ನು ಬಿಗಿದು ಕಟ್ಟಿತು.

ಕಲ್ಲಿನ ಮೇಲಣ ಹೆಸರಿಗೂ ಸುಖವಿರಲಿಲ್ಲ. ನದಿಯ ಕವಲು ಹೂಳಿಹೋಗಿ ಆ ರಾಜಧಾನಿ ಪಾಳುಬಿತ್ತು; ಅದರ ಕಲ್ಲುಗಳನ್ನು ತಾನಿಸ್ ನಗರಕ್ಕೆ ಹೊತ್ತೊಯ್ದರು. ಅವನ ಪಟ್ಟದ ಹೆಸರು ಗ್ರೀಕರ ಬಾಯಲ್ಲಿ ಓಜಿಮಾಂಡಿಯಸ್ ಆಯಿತು. 1818ರಲ್ಲಿ ಶೆಲ್ಲಿ ಕವಿಯು ಆ ಹೆಸರಿನ ಕವಿತೆಯನ್ನು ಪ್ರಕಟಿಸಿದಾಗ ಈಜಿಪ್ತದ ಲಿಪಿಯನ್ನು ಓದಬಲ್ಲವರು ಯಾರೂ ಇರಲಿಲ್ಲ; 1822ರಲ್ಲಿ ಶಾಂಪೋಲಿಯೋ ಅದನ್ನು ಬಿಡಿಸಿ ರಾಮ್ಸೇಸ್ ಎಂದು ಓದಿದನು. ಆಸ್ವಾನ್ ಅಣೆಕಟ್ಟಿನ ನೀರು ಏರಿದಾಗ, 1964ರಿಂದ 1968ರ ವರೆಗೆ, ಅಬು ಸಿಂಬೆಲ್‌ನ ಗುಡಿಗಳನ್ನು ಕೊಯ್ದು ಸುಮಾರು 65 ಮೀಟರು ಮೇಲಕ್ಕೆ ಸಾಗಿಸಿದರು. ಅದೇ ನೀರಿಗೆ ಮನೆ ಹೊಲ ಕಳೆದುಕೊಂಡ ನೂಬಿಯದ ಜನರನ್ನು ಲೋಕ ಅಷ್ಟಾಗಿ ನೆನೆಯಲಿಲ್ಲ. ಕಾಳಿ ನದಿಯ ಅಣೆಕಟ್ಟಿನಲ್ಲಿ ಹಳೆಯ ಸೂಪಾ ಮುಳುಗಿದ್ದನ್ನು ಕಂಡ ನಮ್ಮ ಜಿಲ್ಲೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಅರಸನ ದೇಹವೂ ಅಲೆದಾಡಿತು. ಕಳ್ಳರಿಗೆ ಅಂಜಿ ಪುರೋಹಿತರು ಅದನ್ನು ಗೋರಿಯಿಂದ ತೆಗೆದು ಬೆಟ್ಟದ ಗುಪ್ತಸ್ಥಳದಲ್ಲಿ ಅಡಗಿಸಿದ್ದರು. 1881ರಲ್ಲಿ ಅದು ದೊರೆಯಿತು. ಬೂಷ್ಟು ಹತ್ತಿದ್ದರಿಂದ 1976ರಲ್ಲಿ ಚಿಕಿತ್ಸೆಗಾಗಿ ಪ್ಯಾರಿಸ್ಸಿಗೆ ಒಯ್ದಾಗ ರಾಜಮರ್ಯಾದೆಯಿಂದ ಬರಮಾಡಿಕೊಂಡರು. ಸವೆದ ಕೀಲುಗಳು, ಕೀವುಗಟ್ಟಿದ ಹಲ್ಲಿನ ಬುಡ; ಮುಪ್ಪಿನ ಸಾಮಾನ್ಯ ಸಂಕಟಗಳೆಲ್ಲ ಆ ದೇಹದಲ್ಲಿವೆ. ಕೆಡದಿರಲೆಂದು ಮೂಗಿನಲ್ಲಿ ತುಂಬಿದ್ದ ಕಾಳುಮೆಣಸೂ ಸಿಕ್ಕಿತು. ಮೆಣಸಿನ ಬಳ್ಳಿಯ ತವರು ನಮ್ಮ ಈ ಪಶ್ಚಿಮ ಘಟ್ಟ. ಯಾವನೋ ಹೆಸರಿಲ್ಲದವನು ಕೊಯ್ದು ಒಣಗಿಸಿದ ಕಾಳು, ಹತ್ತಾರು ಕೈ ದಾಟಿ, ಭೂಮಂಡಲದ ಮಹಾರಾಜನ ಮೂಗನ್ನು ಮೂರು ಸಾವಿರ ವರ್ಷ ಕಾಯ್ದಿತು.

ವಿದ್ಯಾರ್ಥಿಗಳಿಗೆ ನಾನು ಹೇಳಬೇಕಾಗಿದ್ದ ಉತ್ತರ ಇಷ್ಟು. ರಾಮ್ಸೇಸನೇ ಫರೋಹನೆಂದು ಇತಿಹಾಸ ಸಾಧಿಸಲಾರದು. ಧರ್ಮಗ್ರಂಥಗಳಿಗೂ ಅದು ಬೇಕಿಲ್ಲ. ಯಾವ ಕಾಲದ ಯಾವ ಪೀಡಕನಿಗಾದರೂ ಒಪ್ಪಲೆಂದೇ ಅವು ಹೆಸರನ್ನು ಬಿಟ್ಟಂತಿದೆ. ದುಡಿದವರ ಗೋಳನ್ನು ಮರೆತ ಆಳ್ವಿಕೆಯನ್ನು ಜನ ಯಾವ ಹೆಸರಿನಿಂದಲಾದರೂ ಗುರುತಿಸುತ್ತಾರೆ.

ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಒಂದು ಸುಣ್ಣಕಲ್ಲಿನ ಚಕ್ಕೆಯಿದೆ. ಅದು ರಾಮ್ಸೇಸನ ನಾಲ್ವತ್ತನೆಯ ವರ್ಷದ್ದೆಂದು ತಿಳಿಯಲಾದ, ರಾಜರ ಗೋರಿಗಳನ್ನು ಕೊರೆಯುತ್ತಿದ್ದ ಕೆಲಸಗಾರರ ಹಾಜರಿಪಟ್ಟಿ. ಸುಮಾರು ನಾಲ್ವತ್ತು ಮಂದಿಯ ಹೆಸರುಗಳು, ಕೆಲಸಕ್ಕೆ ಬಾರದ ದಿನಗಳು, ಅವುಗಳ ಕಾರಣಗಳು: ಒಬ್ಬನಿಗೆ ಕಣ್ಣುಬೇನೆ, ಒಬ್ಬನಿಗೆ ಚೇಳು ಕುಟುಕಿದೆ, ಇನ್ನೊಬ್ಬನು ಸತ್ತವರ ಸಂಸ್ಕಾರಕ್ಕೆ ಹೋಗಿದ್ದಾನೆ. ಅದು ಹೆಸರು ಉಳಿಯಲೆಂದು ಬರೆದ ಪಟ್ಟಿಯಲ್ಲ. ದಿನವೂ ಹಾಜರಿ ಕೂಗುವ ನನಗೆ, ಆ ಅರಸನ ಕಾಲದ ಬರಹಗಳಲ್ಲೆಲ್ಲ ಆ ಚಕ್ಕೆಯೇ ಹೆಚ್ಚು ಆಪ್ತವಾಗಿ ತೋರುತ್ತದೆ.