ಮನಸ್ಸಿನ ಗಾಯದ ಕಥೆ ಬರೆದ ತ್ರಿವೇಣಿ

ಕಾದಂಬರಿ ಓದುವ ಕನ್ನಡದ ಹೆಣ್ಣುಮಕ್ಕಳಿಗೆ ತ್ರಿವೇಣಿಯವರನ್ನು ಹೊಸದಾಗಿ ಪರಿಚಯಿಸಬೇಕಾಗಿಲ್ಲ. ‘ಬೆಳ್ಳಿಮೋಡ’, ‘ಹಣ್ಣೆಲೆ ಚಿಗುರಿದಾಗ’, ‘ಶರಪಂಜರ’ ಎಂಬ ಹೆಸರುಗಳನ್ನು ಪುಸ್ತಕ ಓದದವರೂ ಸಿನಿಮಾಗಳಿಂದ ಬಲ್ಲರು. ಆದರೆ ಈ ಕಥೆಗಳನ್ನು ಬರೆದಾಕೆ ಮೂವತ್ತೈದು ವರ್ಷ ಕೂಡ ತುಂಬಿ ಬದುಕಲಿಲ್ಲ. ಇದ್ದಷ್ಟು ದಿನಗಳಲ್ಲಿ ಅವರು ಮಾಡಿದ ಒಂದು ದೊಡ್ಡ ಕೆಲಸವೆಂದರೆ, ನಮ್ಮ ಮನೆಗಳಲ್ಲಿ ಬಾಗಿಲು ಹಾಕಿಕೊಂಡು ಪಿಸುಗುಟ್ಟುತ್ತಿದ್ದ ಮನೋರೋಗದ ವಿಷಯವನ್ನು ನಡುಮನೆಗೆ ತಂದದ್ದು.

ತ್ರಿವೇಣಿ ಎಂಬುದು ಕಾವ್ಯನಾಮ. ಅವರ ಹೆಸರು ಅನಸೂಯಾ. ಹುಟ್ಟಿದ್ದು 1928ರ ಸೆಪ್ಟೆಂಬರ್ 1ರಂದು, ಮಂಡ್ಯದಲ್ಲಿ. ಸಾಹಿತ್ಯದ ಗಾಳಿ ಮನೆಯಲ್ಲೇ ಇತ್ತು. ‘ಕನ್ನಡದ ಕಣ್ವ’ ಬಿ.ಎಂ.ಶ್ರೀ. ಹತ್ತಿರದ ಬಂಧು, ಸೋದರಿ ಆರ್ಯಾಂಬಾ ಪಟ್ಟಾಭಿ ಕೂಡ ಮುಂದೆ ಹೆಸರಾಂತ ಲೇಖಕಿಯಾದರು. ಅನಸೂಯಾ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದಿ 1947ರಲ್ಲಿ ಬಿ.ಎ. ಪದವಿ ಪಡೆದರು. ಅವರು ಆರಿಸಿಕೊಂಡ ವಿಷಯ ಮನಶ್ಶಾಸ್ತ್ರ. ಆ ಕಾಲದಲ್ಲಿ ಹುಡುಗಿಯೊಬ್ಬಳು ಕಾಲೇಜಿಗೆ ಹೋಗುವುದೇ ಸುದ್ದಿ. ಇನ್ನು ಮನಶ್ಶಾಸ್ತ್ರ ಓದುವುದೆಂದರೆ ಕೇಳಬೇಕೆ! ಆ ಓದು ಅವರ ಬರವಣಿಗೆಗೆ ಬುನಾದಿಯಾಯಿತು.

ಇಂಗ್ಲಿಷ್ ಅಧ್ಯಾಪಕರಾಗಿದ್ದ ಎಸ್.ಎನ್. ಶಂಕರ್ ಅವರನ್ನು ಮದುವೆಯಾಗಿ ಮೈಸೂರಿನಲ್ಲಿ ಸಂಸಾರ ಹೂಡಿದರು. ಮೊದಲ ಕಾದಂಬರಿ ‘ಅಪಸ್ವರ’ 1953ರಲ್ಲಿ ಬಂತು. ಅಲ್ಲಿಂದ ಮುಂದಿನ ಹತ್ತು ವರ್ಷಗಳಲ್ಲಿ ಸುಮಾರು 20 ಕಾದಂಬರಿಗಳು, 3 ಕಥಾಸಂಕಲನಗಳು. ಇದೆಲ್ಲ ಆರಾಮವಾಗಿ ಕುಳಿತು ಬರೆದದ್ದಲ್ಲ. ಉಬ್ಬಸದ ಕಾಯಿಲೆ ಅವರನ್ನು ಬಿಡದೆ ಕಾಡುತ್ತಿತ್ತು. ಮಗುವಿಗಾಗಿ ಕಾದ ವರ್ಷಗಳ ನೋವೂ ಇತ್ತು. ಮನೆಗೆಲಸ, ಕಾಯಿಲೆ, ಬರವಣಿಗೆ ಮೂರನ್ನೂ ಒಟ್ಟಿಗೆ ನಿಭಾಯಿಸಿದರು.

ಅವರ ನಾಯಕಿಯರು ನಮ್ಮ ಪಕ್ಕದ ಮನೆಯವರಂತಿರುತ್ತಾರೆ. ಆಸ್ತಿ ಕೈತಪ್ಪುತ್ತದೆಂದು ಗೊತ್ತಾದೊಡನೆ ಮದುವೆಯ ಮಾತಿನಿಂದ ಹಿಂದೆ ಸರಿದವನನ್ನು ಮುಂದೆ ತಾನೇ ನಿರಾಕರಿಸುವವಳು ‘ಬೆಳ್ಳಿಮೋಡ’ದ ಇಂದಿರಾ. ವಿಧವೆಯ ಮರುಮದುವೆಯ ಪ್ರಶ್ನೆ ‘ಹಣ್ಣೆಲೆ ಚಿಗುರಿದಾಗ’ದಲ್ಲಿದೆ. ಮಗಳನ್ನು ಸಾಕಲು ದಾರಿ ಕಾಣದೆ ಸಮಾಜ ಹೀನವೆಂದು ದೂರವಿಟ್ಟ ಬದುಕಿಗೆ ಬೀಳುವ ತಾಯಿ ‘ಹೂವು ಹಣ್ಣು’ವಿನಲ್ಲಿದ್ದಾಳೆ. ಹೊರಗೆ ಏನು ನಡೆಯಿತು ಎಂಬುದರ ಜೊತೆಗೆ, ಅದು ಒಳಗೆ ಏನು ಮಾಡಿತು ಎಂಬುದನ್ನೂ ಈ ಲೇಖಕಿ ಕೇಳುತ್ತಿದ್ದರು.

ಈ ಪ್ರಶ್ನೆ ಅತ್ಯಂತ ತೀಕ್ಷ್ಣವಾಗಿ ಬಂದದ್ದು ‘ಶರಪಂಜರ’ದಲ್ಲಿ. ಕಾವೇರಿ ವಿದ್ಯಾವಂತೆ, ಪ್ರೀತಿಯ ಗಂಡನಿರುವ ಗೃಹಿಣಿ. ಮದುವೆಗೆ ಮುಂಚೆ ಒಬ್ಬ ಗಂಡಸಿನಿಂದಾದ ಅನ್ಯಾಯವನ್ನು ಯಾರಿಗೂ ಹೇಳದೆ ಎದೆಯಲ್ಲೇ ಹೂತಿಟ್ಟಿದ್ದಾಳೆ. ಹೆರಿಗೆಯ ನಂತರ ಅವಳ ಬುದ್ಧಿ ಕದಡುತ್ತದೆ. ಕಾಯಿಲೆಯ ಹೊತ್ತಿನಲ್ಲಿ ಆ ಹಳೆಯ ನೋವು ಹೊರಬೀಳುತ್ತದೆ. ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದು ಅವಳು ಗುಣವಾಗುತ್ತಾಳೆ. ಅನೇಕ ಕಥೆಗಳು ಇಲ್ಲಿಗೆ ಮುಗಿಯುತ್ತಿದ್ದವು. ತ್ರಿವೇಣಿಯವರ ಕಥೆ ನಿಜವಾಗಿ ಶುರುವಾಗುವುದೇ ಇಲ್ಲಿ. ಮನೆಗೆ ಮರಳಿದ ಕಾವೇರಿಯನ್ನು ಎಲ್ಲರೂ ಅನುಮಾನದಿಂದ ನೋಡುತ್ತಾರೆ. ನಕ್ಕರೂ ಹುಚ್ಚು, ಅತ್ತರೂ ಹುಚ್ಚು. ಗಂಡನ ಮನಸ್ಸು ಬೇರೆ ಕಡೆ ಹೋಗಿದೆ. ಕೊನೆಗೆ ಅವಳಿಗೆ ಆಸ್ಪತ್ರೆಯೇ ಗತಿ. ಬಿಲ್ಲಿನ ಬಾಣಗಳಂತೆ ಸುತ್ತ ನಿಂತ ಮಾತು, ನೋಟಗಳೇ ಅವಳ ಪಂಜರ.

ಇಂದಿನ ವೈದ್ಯವಿಜ್ಞಾನ ಈ ಬಗ್ಗೆ ಏನು ಹೇಳುತ್ತದೆ? ಭ್ರಮೆ ಆವರಿಸಿ, ಇಲ್ಲದ ದನಿಗಳು ಕೇಳುವಂಥ ತೀವ್ರ ಮನೋರೋಗಗಳಿಗೆ ಸೈಕೋಸಿಸ್ ಎನ್ನುತ್ತಾರೆ. ಇವು ಹೆಚ್ಚಾಗಿ ಕಾಣಿಸಿಕೊಳ್ಳುವುದು ಹದಿಹರೆಯದ ಕೊನೆಯಲ್ಲಿ, ಇಪ್ಪತ್ತರ ಆಸುಪಾಸಿನಲ್ಲಿ. 2012ರಲ್ಲಿ ಯುರೋಪಿನ ಸಂಶೋಧಕರು 36 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಬಾಲ್ಯದಲ್ಲಿ ದೌರ್ಜನ್ಯ, ನಿರ್ಲಕ್ಷ್ಯ, ಹೆತ್ತವರ ಸಾವು ಮುಂತಾದ ಆಘಾತ ಕಂಡವರಲ್ಲಿ ಸೈಕೋಸಿಸ್‌ನ ಸಂಭವ ಸುಮಾರು 2.8 ಪಟ್ಟು ಹೆಚ್ಚು ಎಂದು ತಿಳಿದುಬಂತು. ಹಾಗೆಂದು ನೊಂದವರೆಲ್ಲರಿಗೂ ಕಾಯಿಲೆ ಬರುತ್ತದೆಂದು ಹೆದರಬೇಕಿಲ್ಲ. ಬಹುಪಾಲು ಜನರಿಗೆ ಬರುವುದಿಲ್ಲ. ಕಾಯಿಲೆ ಬಂದವರೆಲ್ಲರ ಹಿಂದೆ ಆಘಾತ ಇರಲೇಬೇಕೆಂದೂ ಇಲ್ಲ. ವಂಶವಾಹಿ, ಮೆದುಳಿನ ಬೆಳವಣಿಗೆ, ಮಾದಕ ವಸ್ತುಗಳು ಎಲ್ಲವೂ ಸೇರಿಕೊಳ್ಳುತ್ತವೆ.

ನಮ್ಮ ಅಜ್ಜಿಯರು ಬಾಣಂತಿ ಸನ್ನಿ ಎನ್ನುತ್ತಿದ್ದ ಕಾಯಿಲೆಯದೂ ಅಷ್ಟೆ. ಸಾವಿರ ಹೆರಿಗೆಗಳಲ್ಲಿ ಒಬ್ಬಿಬ್ಬರಿಗೆ, ಸಾಮಾನ್ಯವಾಗಿ ಮೊದಲ ಎರಡು ವಾರಗಳಲ್ಲೇ ಇದು ಬರುತ್ತದೆ. ಹೆರಿಗೆಯ ನಂತರದ ಹಾರ್ಮೋನುಗಳ ಏರುಪೇರು, ನಿದ್ದೆಗೇಡು, ಬೈಪೋಲಾರ್ ಕಾಯಿಲೆಯ ಹಿನ್ನೆಲೆ ಇವುಗಳ ಪಾತ್ರ ಇದರಲ್ಲಿ ದೊಡ್ಡದು. ಹಳೆಯ ಗಾಯವೊಂದೇ ಕಾವೇರಿಯನ್ನು ಹೀಗೆ ಮಾಡಿತೆಂದು ಇಂದಿನ ವೈದ್ಯರು ಹೇಳಲಾರರು. ಆದರೆ ಗುಣವಾದವರನ್ನು ಮನೆಯವರು ಹೇಗೆ ನಡೆಸಿಕೊಳ್ಳುತ್ತಾರೆ ಎಂಬುದರ ಮೇಲೆ ಮುಂದಿನ ಬದುಕು ನಿಂತಿದೆ ಎಂಬ ಮಾತನ್ನು ಅವರೂ ಒಪ್ಪುತ್ತಾರೆ. ಚುಚ್ಚುಮಾತು, ಹಗೆತನ ತುಂಬಿದ ಮನೆಯಲ್ಲಿ ಕಾಯಿಲೆ ಮರುಕಳಿಸುವುದು ಹೆಚ್ಚೆಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ತ್ರಿವೇಣಿ ಅದನ್ನು ಅರವತ್ತು ವರ್ಷಗಳ ಹಿಂದೆಯೇ ಕಂಡಿದ್ದರು.

ನಮ್ಮ ಚೆನ್ನೈಗೂ ತ್ರಿವೇಣಿಯವರಿಗೂ ಒಂದು ನಂಟುಂಟು. ಅಂದು ಕನ್ನಡ ಚಿತ್ರರಂಗದ ನೆಲೆ ಮದರಾಸು. ಇಲ್ಲಿ ಬಿ.ಆರ್. ಪಂತುಲು ಅವರ ಬಳಿ ಪಳಗಿದ ಪುಟ್ಟಣ್ಣ ಕಣಗಾಲ್, ತ್ರಿವೇಣಿಯವರ ‘ಬೆಕ್ಕಿನ ಕಣ್ಣು’ ಕಾದಂಬರಿಯನ್ನು 1966ರಲ್ಲಿ ‘ಪೂಚಕ್ಕಣ್ಣಿ’ ಎಂಬ ಹೆಸರಿನಲ್ಲಿ ಮಲಯಾಳಂ ಚಿತ್ರವಾಗಿಸಿದರು. ಮರುವರ್ಷ ‘ಬೆಳ್ಳಿಮೋಡ’ ಬಂತು. ಎಪ್ಪತ್ತರ ದಶಕದ ಆರಂಭದಲ್ಲಿ ಬಂದ ‘ಶರಪಂಜರ’ದಲ್ಲಿ ಕಲ್ಪನಾ ಕಾವೇರಿಯಾಗಿ ಮನೆಮಾತಾದರು. ಚಿತ್ರಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು.

ತ್ರಿವೇಣಿ ಬರೆಯುತ್ತಿದ್ದ ಕಾಲದಲ್ಲೇ ಇಲ್ಲಿ ಇನ್ನೊಬ್ಬ ಮಹಿಳೆ ಇದೇ ನೋವಿಗೆ ಮದ್ದು ಹುಡುಕುತ್ತಿದ್ದರು. ಮಂಗಳೂರಿನಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಮನೋವೈದ್ಯಶಾಸ್ತ್ರ ಕಲಿತ ಡಾ. ಶಾರದಾ ಮೆನನ್ 1961ರಲ್ಲಿ ಕಿಲ್ಪಾಕ್ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥೆಯಾದರು. ಗುಣವಾದವರು ಮರಳಿ ಬದುಕು ಕಟ್ಟಿಕೊಳ್ಳಲೆಂದು 1984ರಲ್ಲಿ ಅವರು ಸ್ಥಾಪಿಸಿದ ಸ್ಕಾರ್ಫ್ ಸಂಸ್ಥೆ ಇಂದಿಗೂ ಅಣ್ಣಾನಗರದಲ್ಲಿ ಕೆಲಸ ಮಾಡುತ್ತಿದೆ. ಕಾವೇರಿಗೆ ಆಸ್ಪತ್ರೆಯ ಆಚೆ ಸಿಗದಿದ್ದ ಆಸರೆ ಇಂಥದ್ದೇ.

ತ್ರಿವೇಣಿಯವರ ಬಾಳಿನ ಕೊನೆ ಅವರ ಯಾವ ಕಾದಂಬರಿಗಿಂತಲೂ ದುಃಖದ್ದು. ಬಹುಕಾಲ ಹಂಬಲಿಸಿದ ಮಗು ಹುಟ್ಟಿತು. ಮಗಳನ್ನು ಕಣ್ತುಂಬ ನೋಡಿದ ಕೆಲವೇ ದಿನಗಳಲ್ಲಿ, 1963ರ ಜುಲೈ 29ರಂದು, ಬಾಣಂತಿಯಾಗಿದ್ದಾಗಲೇ ಮೈಸೂರಿನಲ್ಲಿ ತೀರಿಕೊಂಡರು. ಆಗ ಅವರಿಗೆ 34 ವರ್ಷ. ಅರ್ಧಕ್ಕೆ ನಿಂತಿದ್ದ ‘ಅವಳ ಮಗಳು’ ಕಾದಂಬರಿಯನ್ನು ಎಂ.ಸಿ. ಪದ್ಮಾ ಪೂರ್ಣಗೊಳಿಸಿದರು. ತಮ್ಮ ಕಥೆಗಳು ತೆರೆಯ ಮೇಲೆ ಬಂದದ್ದನ್ನು ಅವರು ನೋಡಲೇ ಇಲ್ಲ.

ತ್ರಿವೇಣಿಯವರನ್ನು ನೆನೆಯುವುದೆಂದರೆ ಅವರ ಪುಸ್ತಕವನ್ನು ಮತ್ತೆ ಕೈಗೆತ್ತಿಕೊಳ್ಳುವುದು. ಜೊತೆಗೆ ನಮ್ಮ ಸುತ್ತಲಿನ ಕಾವೇರಿಯರನ್ನು ಗುರುತಿಸುವುದು. ಮನೆಯ ಮಗನೋ ಮಗಳೋ ಇದ್ದಕ್ಕಿದ್ದಂತೆ ಮಂಕಾದರೆ, ನಿದ್ದೆಗೆಟ್ಟರೆ, ಯಾರೋ ಹಿಂಬಾಲಿಸುತ್ತಾರೆಂದು ಅಂಜಿದರೆ, ದೃಷ್ಟಿ ತೆಗೆದು ಕಾಯುತ್ತ ಕೂರದೆ ಬೇಗನೆ ವೈದ್ಯರನ್ನು ಕಾಣೋಣ. ಬಾಣಂತಿಯ ಮಾತು ಅಡ್ಡಾದಿಡ್ಡಿಯಾದರೆ ಒಂದು ದಿನವೂ ತಡಮಾಡಬಾರದು; ಅದು ತುರ್ತು ಸ್ಥಿತಿ, ಆದರೆ ಗುಣವಾಗುವಂಥದ್ದು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ಹಳೆಯ ನೋವನ್ನು ಯಾರಾದರೂ ಹೇಳಿಕೊಂಡರೆ ನಂಬಿ ಕೇಳೋಣ. ಗುಣವಾಗಿ ಮನೆಗೆ ಬಂದವರ ಕೈಗೆ ಹಳೆಯ ಜವಾಬ್ದಾರಿಗಳನ್ನು ಸಂತೋಷದಿಂದ ಮರಳಿ ಕೊಡೋಣ.