ಸಹಕಾರ ಪಿತಾಮಹ ಕಣಗಿನಹಾಳದ ಶ್ರೀ ಸಿದ್ಧನಗೌಡರು

ಅನ್ನವನ್ನು ಬೆಳೆಯುವವನ ಮನೆಯಲ್ಲಿಯೇ ಅನ್ನಕ್ಕೆ ಕೊರತೆಯಾಗುವದಕ್ಕಿಂತ ಮಿಗಿಲಾದ ವಿಪರೀತವು ಲೋಕದಲ್ಲಿ ಬೇರೊಂದಿಲ್ಲ. ಈ ವಿಪರೀತದ ಮೂಲವು ಸಾಲದಲ್ಲಿರುವದೆಂಬುದನ್ನು ಕಂಡುಕೊಂಡು, ಅದನ್ನು ಕೀಳಲು ಊರವರನ್ನೇ ಒಂದುಗೂಡಿಸಿದ ಪುಣ್ಯಪುರುಷರಲ್ಲಿ ಶ್ರೀ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಅಗ್ರಗಣ್ಯರು.

ಗದಗ ಪಟ್ಟಣಕ್ಕೆ ಸಮೀಪದ ಕಣಗಿನಹಾಳವು ಅವರ ಊರು. 1843ರಲ್ಲಿ ಗೌಡಕಿಯ ಮನೆತನದಲ್ಲಿ ಅವರ ಜನನವಾಯಿತು. ಸುತ್ತಲೂ ಎರೆಯ ಹೊಲಗಳು. ಜೋಳ, ಗೋದಿ, ಕಡಲೆ, ಕುಸುಬಿ, ಹತ್ತಿಗಳು ಅಲ್ಲಿಯ ಬೆಳೆಗಳು. ಅವರ ಮೂವತ್ತರ ಹರೆಯದಲ್ಲಿ, 1876ರಿಂದ 1878ರ ವರೆಗೆ, ಘೋರವಾದ ಬರವು ಈ ನಾಡನ್ನು ಆವರಿಸಿತು. ಹಗೇವುಗಳು ಬರಿದಾದವು, ದನಕರುಗಳು ಅಳಿದವು, ಬೀಜಕ್ಕೂ ಸಾಲ ಮಾಡುವ ಕಾಲ ಬಂದಿತು. 1884ರಲ್ಲಿ ಉಗಿಬಂಡಿಯು ಗದಗಕ್ಕೆ ಬರಲು ಪೇಟೆಯು ಬೆಳೆಯಿತು. ದೂರದೇಶದ ಖರೀದಿದಾರರು ಬಂದರು. ಆದರೆ ಸಾಲದ ಒಕ್ಕಲಿಗನಿಗೆ ಆ ಪೇಟೆಯ ಲಾಭವು ದೊರೆಯುವ ಬಗೆ ಹೇಗೆ? ಕಣದಲ್ಲಿ ರಾಶಿಯಾದೊಡನೆಯೇ ತಗಾದೆಯು ಬಾಗಿಲಿಗೆ ಬರುವದು. ಸುಗ್ಗಿಯ ಮಂದಿ ಧಾರಣೆಗೆ ಕಾಳು ಸಾವಕಾರನ ಮನೆ ಸೇರುವದು. ಅದೇ ಕಾಳನ್ನು ಮಳೆಗಾಲದಲ್ಲಿ ತೇಜಿ ಧಾರಣೆಗೆ ಒಕ್ಕಲಿಗನು ಮರಳಿ ಕಡ ತರುವನು. ಬೆಳೆದವನು ಅವನು, ಧಾರಣೆಯನ್ನು ಕಟ್ಟುವವನು ಬೇರೊಬ್ಬನು.

1904ರಲ್ಲಿ ಸರಕಾರವು ಸಹಕಾರಿ ಪತ್ತಿನ ಸಂಘಗಳ ಕಾಯದೆಯನ್ನು ಹೊರಡಿಸಿತು. ಸಿದ್ಧನಗೌಡರಿಗೆ ಆಗ ಅರವತ್ತು ದಾಟಿತ್ತು. ವಿಶ್ರಾಂತಿಯನ್ನು ಬಯಸುವ ಆ ವಯಸ್ಸಿನಲ್ಲಿ ಅವರು ನಡುಕಟ್ಟಿ ನಿಂತರು. 1905ನೆಯ ಇಸವಿಯಲ್ಲಿ ಕಣಗಿನಹಾಳದ ಸಂಘವು ನೋಂದಣಿಯಾಯಿತು. ಭರತಖಂಡದಲ್ಲಿ ಈ ಕಾಯದೆಯ ಮೇರೆಗೆ ಮೊದಮೊದಲು ಹುಟ್ಟಿದ ಸಂಘಗಳಲ್ಲಿ ಅದೊಂದು. ಅದರ ಮೊದಲನೆಯ ಅಧ್ಯಕ್ಷರು ಸಿದ್ಧನಗೌಡರೇ.

ಈ ಕಾರ್ಯದ ಹಿರಿಮೆಯು ತಿಳಿಯಬೇಕಾದರೆ ಆ ಕಾಯದೆಯ ಕಟ್ಟಳೆಗಳನ್ನು ಅರಿಯಬೇಕು. ಹಳ್ಳಿಯ ಸಂಘದಲ್ಲಿ ಹೊಣೆಗಾರಿಕೆಗೆ ಮಿತಿಯಿಲ್ಲವೆಂಬುದು ಸಾಮಾನ್ಯ ನಿಯಮವಾಗಿತ್ತು. ಸಂಘವು ಮುಳುಗಿದರೆ ಪ್ರತಿಯೊಬ್ಬ ಸದಸ್ಯನ ಹೊಲಮನೆಯೂ ಸಾಲಕ್ಕೆ ಈಡಾಗುವದು. ಇಂಥ ಸಂಘದಲ್ಲಿ ಉಳ್ಳವನಿಗೆ ಭಯ ಹೆಚ್ಚು, ಇಲ್ಲದವನಿಗೆ ಆಸರೆ ಹೆಚ್ಚು. ಮತವಾದರೋ ಗೌಡನಿಗೂ ಒಂದೇ, ಎರಡೆತ್ತಿನ ಬಡ ಒಕ್ಕಲಿಗನಿಗೂ ಒಂದೇ. ಲಾಭವನ್ನು ಹಂಚಿಕೊಳ್ಳದೆ ಕಾಪುನಿಧಿಗೆ ಸೇರಿಸತಕ್ಕದ್ದು. ತನ್ನ ಆಸ್ತಿಯನ್ನು ನೆರೆಯವನ ಸಾಲಕ್ಕೆ ಒತ್ತೆಯಿಡುವ ಧೈರ್ಯವು ಬರಿಯ ಲೆಕ್ಕಾಚಾರದಿಂದ ಹುಟ್ಟತಕ್ಕದ್ದಲ್ಲ. ನೆರೆಯವನ ಸತ್ಯದಲ್ಲಿ ನಂಬಿಗೆಯಿದ್ದಲ್ಲಿ ಮಾತ್ರ ಹುಟ್ಟುವದು. ಶರಣರ ಕಾಯಕ ದಾಸೋಹಗಳಿಗೆ ಇದಕ್ಕಿಂತ ಸಮೀಪವಾದ ಲೌಕಿಕ ಆಚರಣೆಯನ್ನು ಕಾಣುವದು ಕಷ್ಟ.

ಮಿತವಾದ ಬಡ್ಡಿಯ ಸಾಲವು ದೊರೆತರೆ ಒಕ್ಕಲಿಗನಿಗೆ ಲಭಿಸುವದು ಹಣವೊಂದೇ ಅಲ್ಲ, ಕಾಲಾವಕಾಶವೂ ಕೂಡ. ಕಾಳನ್ನು ಹಗೇವಿನಲ್ಲಿಟ್ಟು ಧಾರಣೆಗಾಗಿ ಕಾಯುವ ಶಕ್ತಿಯು ಬಂದಾಗಲೇ ಪೇಟೆಯು ಅವನದಾಗುವದು. ಆದರೆ 1904ರ ಕಾಯದೆಯು ಸಾಲದ ಸಂಘಗಳಿಗೆ ಮಾತ್ರ ಎಡೆಗೊಟ್ಟಿತ್ತು. ಕೂಡಿ ಮಾರುವ ಸಂಘಗಳಿಗೆ 1912ರ ಕಾಯದೆಯು ದಾರಿಯನ್ನು ತೆರೆಯಿತು. 1915ರಲ್ಲಿ ಹುಬ್ಬಳ್ಳಿಯಲ್ಲಿಯೂ 1917ರಲ್ಲಿ ಗದಗದಲ್ಲಿಯೂ ಹತ್ತಿಯ ಸಹಕಾರಿ ಮಾರಾಟ ಸಂಘಗಳು ಸ್ಥಾಪಿತವಾದವು. ಹತ್ತಿಗೆ ಸಲ್ಲುವ ನ್ಯಾಯವೇ ಜೋಳಕ್ಕೂ ಗೋದಿಗೂ ಸಲ್ಲುವದು: ಬಿಡಿಬಿಡಿಯಾಗಿ ಒಯ್ದ ಚೀಲಕ್ಕೆ ದಲಾಲನು ಹೇಳಿದ್ದೇ ಬೆಲೆ, ಕೂಡಿಸಿ ಒಯ್ದ ರಾಶಿಗೆ ಖರೀದಿದಾರನೇ ಬಾಗುವನು. 1916ರಲ್ಲಿ ಧಾರವಾಡದಲ್ಲಿ ಕರ್ನಾಟಕ ಸೆಂಟ್ರಲ್ ಸಹಕಾರಿ ಬ್ಯಾಂಕು ಹುಟ್ಟಿ ಹಳ್ಳಿಯ ಸಂಘಗಳಿಗೆ ಬೆಂಬಲವಾಯಿತು. ಇವೆಲ್ಲವನ್ನೂ ಕಣ್ಣಾರೆ ಕಂಡು, ತೊಂಬತ್ತು ವರ್ಷಗಳ ತುಂಬುಬಾಳನ್ನು ಬಾಳಿ, 1933ರಲ್ಲಿ ಸಿದ್ಧನಗೌಡರು ಇಹಲೋಕ ಯಾತ್ರೆಯನ್ನು ಮುಗಿಸಿದರು.

ಘಟಪ್ರಭೆಯ ಸೀಮೆಯ ಭಕ್ತರಿಗೆ ಈ ಚರಿತ್ರವು ಪರಕೀಯವಲ್ಲ. ಹುಕ್ಕೇರಿ ತಾಲೂಕಿನ ಜನರು 1969ರಲ್ಲಿ ಸಹಕಾರಿ ಸಂಘವನ್ನು ಕಟ್ಟಿ ಹಳ್ಳಿಹಳ್ಳಿಗೆ ವಿದ್ಯುದ್ದೀಪವನ್ನು ತಂದುಕೊಂಡವರು. ಕೂಡಿ ಬೆಳಕನ್ನು ತಂದವರಿಗೆ ಕೂಡಿ ಕಾಳನ್ನು ಮಾರುವದು ಅಸಾಧ್ಯವೇ? ಘೋಡಗೇರಿಯ ಕಣದಲ್ಲಿ ರಾಶಿಯ ಪೂಜೆಯಾಗುವಾಗ, ಆ ರಾಶಿಯು ಬೆಳೆದವನ ಕೈಯಲ್ಲಿಯೇ ಉಳಿಯಲೆಂದು ದುಡಿದ ಕಣಗಿನಹಾಳದ ಹಿರಿಯರನ್ನು ನೆನೆಯುವದು ಯುಕ್ತವು. ಅವರು ತೋರಿದ ದಾರಿಯಲ್ಲಿ ನಡೆಯುವದೇ ಅವರಿಗೆ ಸಲ್ಲುವ ನಿಜವಾದ ಶರಣು.